ಕೂಲಿಕಾರರ ಹೆಸರು ಉಳಿದ ಪುಸ್ತಕಗಳು
(ಶತಮಾನೋತ್ಸವದ ಹಳೆ ವಿದ್ಯಾರ್ಥಿ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಈ ಉತ್ಸವದ ಸಿದ್ಧತೆಗಾಗಿ ಶಾಲೆಯ ಹಳೆಯ ಪ್ರವೇಶ ಪುಸ್ತಕಗಳನ್ನು ತೆರೆದಾಗ ನಮ್ಮನ್ನು ಕಾಡಿದ್ದು ಒಂದೇ ಪ್ರಶ್ನೆ: ಕೂಲಿಯಿಂದ ಬದುಕಿದವರ ಹೆಸರು ಎಲ್ಲಿ ಉಳಿಯುತ್ತದೆ? ಭೂಮಿಯುಳ್ಳವರಿಗೆ ತರವಾಡು ಮನೆಯಿದೆ, ದಸ್ತಾವೇಜುಗಳಿವೆ. ಉಳಿದವರಿಗೆ? ಈ ಪ್ರಶ್ನೆಯನ್ನು ಹಟ ಹಿಡಿದು ಕೇಳುತ್ತ ಬಂದವರಲ್ಲಿ ಕೆನಡಾ, ಆಸ್ಟ್ರೇಲಿಯಾಗಳಿಗೆ ವಲಸೆ ಹೋದ ಇಂಗ್ಲಿಷ್ ಹಳ್ಳಿಗರ ಸಂತತಿಯವರೂ ಇದ್ದಾರೆ. ಅವರು ಹಿಡಿಯುವ ದಾರಿಯನ್ನು ಒಂದು ಹಳ್ಳಿಯ ಕಥೆಯ ಮೂಲಕ ತಮ್ಮ ಮುಂದಿಡುತ್ತೇವೆ.

ಪ್ರತಿಯೊಂದು ಇಗರ್ಜಿಯೂ ತನ್ನ ಊರಿನ ಜ್ಞಾನಸ್ನಾನ, ಮದುವೆ, ಶವಸಂಸ್ಕಾರಗಳನ್ನು ಬರೆದಿಡಬೇಕೆಂಬ ಕಟ್ಟಳೆ ಇಂಗ್ಲೆಂಡಿನಲ್ಲಿ 1538ರಷ್ಟು ಹಿಂದೆಯೇ ಬಂದಿತು. 1813ರಿಂದ ಅಚ್ಚಾದ ನಮೂನೆ ಬಳಕೆಗೆ ಬಂದು, ಜ್ಞಾನಸ್ನಾನದ ಪುಸ್ತಕದಲ್ಲಿ ತಂದೆಯ ಕಸುಬಿಗೂ ಒಂದು ಅಂಕಣ ದೊರೆಯಿತು. ಹಳ್ಳಿಗಳ ಪುಸ್ತಕದಲ್ಲಿ ಆ ಅಂಕಣವನ್ನು ಮೇಲಿನಿಂದ ಕೆಳಕ್ಕೆ ಓದುತ್ತ ಹೋದರೆ ಕೂಲಿಕಾರ, ಕೂಲಿಕಾರ, ಮತ್ತೆ ಕೂಲಿಕಾರ. ಅದಕ್ಕಿಂತ ಹೆಚ್ಚಿನ ಮಾತಿಗೆ ಅಲ್ಲಿ ಸ್ಥಳವಿಲ್ಲ.

ಡಾರ್ಸೆಟ್ ಪ್ರಾಂತದ ಟಾಲ್‌ಪಡಲ್ ಅಂಥದೊಂದು ಹಳ್ಳಿ. ಅಲ್ಲಿಯ ಜಾರ್ಜ್ ಲವ್‌ಲೆಸ್ ಹೊಲದ ಆಳು. ಮೆಥಡಿಸ್ಟ್ ಪಂಥದ ಉಪದೇಶಕನೂ ಹೌದು. ವಾರಕ್ಕೆ 9 ಶಿಲಿಂಗ್ ಇದ್ದ ಕೂಲಿ 8ಕ್ಕೆ, ಬಳಿಕ 7ಕ್ಕೆ ಇಳಿದು, 6ಕ್ಕೆ ಇಳಿಯುವ ಮಾತು ಬಂದಾಗ 1833ರಲ್ಲಿ ಅವರು ಸಂಘ ಕಟ್ಟಿದರು. ಸಂಘ ಕಟ್ಟುವುದು ಆಗ ಅಪರಾಧವಾಗಿರಲಿಲ್ಲ. ಹಾಗಾಗಿ ನೌಕಾದಂಗೆಯ ಕಾಲದ 1797ರ ಕಾಯಿದೆಯೊಂದನ್ನು ಹುಡುಕಿ ತೆಗೆದು, ಗುಟ್ಟಾಗಿ ಪ್ರಮಾಣ ಮಾಡಿಸಿದ ಆರೋಪ ಹೊರಿಸಿದರು. 1834ರ ಮಾರ್ಚಿನಲ್ಲಿ ಜಾರ್ಜ್, ಅವನ ತಮ್ಮ ಜೇಮ್ಸ್, ಭಾವ ಥಾಮಸ್ ಸ್ಟ್ಯಾಂಡ್‌ಫೀಲ್ಡ್, ಥಾಮಸನ ಮಗ ಜಾನ್, ಜೇಮ್ಸ್ ಬ್ರೈನ್, ಜೇಮ್ಸ್ ಹ್ಯಾಮೆಟ್, ಈ ಆರು ಮಂದಿಗೆ 7 ವರ್ಷಗಳ ಗಡೀಪಾರು ಶಿಕ್ಷೆಯಾಯಿತು.

ಆಸ್ಟ್ರೇಲಿಯಾದ ವಸಾಹತುಗಳಿಗೆ ಒಯ್ದ ಕೈದಿಗಳ ಪುಸ್ತಕಗಳಲ್ಲಿ ಎತ್ತರ, ಮೈಬಣ್ಣ, ಕೂದಲಿನ ಬಣ್ಣ, ಗಾಯದ ಗುರುತು ಎಲ್ಲವನ್ನೂ ಬರೆಯುತ್ತಿದ್ದರು. ಇಗರ್ಜಿಯ ಪುಸ್ತಕದಲ್ಲಿ ಒಂದು ಪದವಷ್ಟೇ ಆಗಿದ್ದ ಕೂಲಿಕಾರನ ಮುಖವನ್ನು ಲಕ್ಷ್ಯವಿಟ್ಟು ನೋಡಿ ಬರೆದವನು ಸೆರೆಯ ಗುಮಾಸ್ತ. ವಂಶ ಹುಡುಕುವವರಿಗೆ ಇದು ಭಾಗ್ಯವೆನ್ನಬಹುದು; ನಮಗಂತೂ ಓದಿ ಸಂಕಟವಾಗುತ್ತದೆ.

ಜನರ ಪ್ರತಿಭಟನೆಗೆ ಮಣಿದು ಸರಕಾರ 1836ರಲ್ಲಿ ಕ್ಷಮೆ ನೀಡಿತು. ಮರಳಿ ಬಂದವರಲ್ಲಿ ಐವರು ಎಸೆಕ್ಸ್ ಪ್ರಾಂತದಲ್ಲಿ ಗೇಣಿಗೆ ಹೊಲ ಹಿಡಿದರು. ಅಲ್ಲಿಯ ಗ್ರೀನ್‌ಸ್ಟೆಡ್‌ನ ಮರದ ಇಗರ್ಜಿಯಲ್ಲಿ 1839ರಲ್ಲಿ ಜೇಮ್ಸ್ ಬ್ರೈನ್ ಥಾಮಸನ ಮಗಳು ಎಲಿಜಬೆತ್‌ಳನ್ನು ಮದುವೆಯಾದ. 1837ರಿಂದ ಮದುವೆಯ ಪುಸ್ತಕದಲ್ಲಿ ವಧೂವರರ ತಂದೆಯರ ಹೆಸರನ್ನೂ ಕಸುಬನ್ನೂ ಬರೆಯಬೇಕಾಗಿತ್ತು. ಊರು ಬಿಟ್ಟವರ ಎಳೆಯನ್ನು ಹಿಂದಿನ ತಲೆಮಾರಿಗೆ ಸೇರಿಸಲು ಇದೊಂದು ಸಾಲು ಸಾಕಾಗುತ್ತದೆ.

ಜನಗಣತಿ ಅಷ್ಟು ಉದಾರವಲ್ಲ. 1841ರಲ್ಲಿ ದೊಡ್ಡವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯುವ ಕ್ರಮವಿತ್ತು. ಹುಟ್ಟಿದ್ದು ಇದೇ ಪ್ರಾಂತದಲ್ಲಿಯೇ, ಅಲ್ಲವೇ ಎಂದಷ್ಟೇ ಕೇಳುತ್ತಿದ್ದರು. ಹುಟ್ಟೂರಿನ ಹೆಸರು ಬರೆಯಲಾರಂಭಿಸಿದ್ದು 1851ರಲ್ಲಿ. ಅಷ್ಟರಲ್ಲಿ ಆ ಐದು ಕುಟುಂಬಗಳು ಕಡಲು ದಾಟಿ, ಕೆನಡಾದ ಲಂಡನ್ ಎಂಬ ಊರಿನ ಸುತ್ತ ನೆಲೆಸಿದ್ದವು.

ಅಲ್ಲಿ ಅವರು ಹಳೆಯ ಕಥೆಯನ್ನು ಮಕ್ಕಳಿಗೂ ಹೇಳದೆ ಮುಚ್ಚಿಟ್ಟರೆಂಬ ಪ್ರತೀತಿಯಿದೆ. ಹೊಸ ನೆಲದಲ್ಲಿ ಕೈದಿಯ ಮಗನೆಂಬ ಹೆಸರು ಯಾರಿಗೆ ಬೇಕು? ಜಾರ್ಜ್ 1874ರಲ್ಲಿ ಅಲ್ಲಿಯೇ ತೀರಿಕೊಂಡ. ಟಾಲ್‌ಪಡಲ್‌ಗೆ ಮರಳಿ ಬಾಳಿದವನು ಹ್ಯಾಮೆಟ್ ಒಬ್ಬನೇ. 1891ರಲ್ಲಿ ಅವನು ಕಣ್ಣು ಮುಚ್ಚಿದ್ದು ಡಾರ್ಚೆಸ್ಟರಿನ ಬಡವರ ಆಶ್ರಯಗೃಹದಲ್ಲಿ. ಅವನ ಗೋರಿಗೆ ಕಲ್ಲು ಬಂದದ್ದು ಶಿಕ್ಷೆಗೆ ನೂರು ವರ್ಷ ತುಂಬಿದ 1934ರಲ್ಲಿ.

ನಮ್ಮ ಪ್ರವೇಶ ಪುಸ್ತಕಗಳಲ್ಲಿಯೂ ತಂದೆಯ ಕಸುಬಿನ ಅಂಕಣವಿದೆ. ಅಲ್ಲಿಯೂ ‘ಕೂಲಿ’ ಎಂಬ ಪದವೇ ಪುಟಪುಟಗಳಲ್ಲಿ ಕಾಣುತ್ತದೆ. ಆದರೆ ಈ ಹೆಸರುಗಳನ್ನು ಬರೆದ ಅಧ್ಯಾಪಕರಿಗೆ ಮಗು ನಾಳೆ ತರಗತಿಗೆ ಬರಬೇಕೆಂಬುದರ ಹೊರತು ಬೇರೆ ಉದ್ದೇಶವಿರಲಿಲ್ಲ. ಮದರಾಸು ಪ್ರಾಂತ್ಯದ ಕಾಲದಲ್ಲಿ ಬರೆದ ಮನೆಹೆಸರುಗಳು, 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ, ಇಲ್ಲಿ ನಾವು ಆಡುವ ರೂಪದಲ್ಲಿಯೇ ಇವೆ. ಮುಂಬಯಿಗೆ, ಕೊಲ್ಲಿ ನಾಡುಗಳಿಗೆ ಹೋದವರ ಮೊಮ್ಮಕ್ಕಳು ಒಂದು ದಿನ ಕೇಳಿಕೊಂಡು ಬಂದರೆ, ತೋರಿಸಲು ನಮ್ಮಲ್ಲಿರುವುದು ಇವೇ ಪುಸ್ತಕಗಳು. ಕೆಲವು ಪುಟಗಳ ಅಂಚನ್ನು ಗೆದ್ದಲು ತಿಂದಿದೆ.

ಪುಸ್ತಕಗಳನ್ನು ಇಂದು ಸಂಜೆಯವರೆಗೆ ಕಚೇರಿಯ ಮೇಜಿನ ಮೇಲೆ ಇರಿಸಿದ್ದೇವೆ. ಗುರುತು ಹತ್ತಿದ ಹೆಸರಿನ ಕ್ರಮಸಂಖ್ಯೆಯನ್ನೂ, ಆ ವ್ಯಕ್ತಿ ಮುಂದೆ ಯಾವ ಊರಿಗೆ ಹೋದರೆಂಬುದನ್ನೂ ಪಕ್ಕದಲ್ಲಿರುವ ಬಿಳಿ ಹಾಳೆಯಲ್ಲಿ ಬರೆದುಕೊಡಿ. ಮೂಲ ಪುಟಗಳ ಮೇಲೆ ದಯವಿಟ್ಟು ಲೇಖನಿ ತಾಗಿಸಬೇಡಿ.