ಕೌದಿಯ ಮೂಲೆಯ ಹೂವು

(ಅರ್ಗಾದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನೆಲೆ ಕಳಕೊಂಡವರ ಸಂಕಟವನ್ನು ಅರ್ಗಾದವರಿಗೆ ನಾವು ವಿವರಿಸಬೇಕಾಗಿಲ್ಲ. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಶಿಲಾನ್ಯಾಸವಾದ ಬಳಿಕ ಕಾರವಾರ ಮತ್ತು ಅಂಕೋಲಾ ತಾಲೂಕುಗಳ ಸಾವಿರಾರು ಕುಟುಂಬಗಳು ಮನೆಮಾರು ತೊರೆದವು. ಅದಕ್ಕೂ ಬಹಳ ಹಿಂದೆ ಇದೇ ಜಿಲ್ಲೆಗೆ ಬರಿಗೈಯಲ್ಲಿ ಬಂದ ಒಂದು ಜನಾಂಗದ ಕಲೆಯ ಕುರಿತು ಇಂದು ಕೆಲವು ಮಾತುಗಳನ್ನಾಡ ಬಯಸುತ್ತೇವೆ.

ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗುಲಾಮರನ್ನಾಗಿ ಗೋವಾಕ್ಕೆ ತಂದವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿಗಳಲ್ಲಿ ಅವರ ಸಂತತಿಯಿದೆ. ಸಿದ್ದಿಗಳಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ.

ಸಿದ್ದಿ ಮಹಿಳೆಯರು ಹಳೆಯ ಬಟ್ಟೆಯ ತುಂಡುಗಳಿಂದ ಕೌದಿ ಹೊಲಿಯುತ್ತಾರೆ. ಅವರದನ್ನು ಕವಂದಿ ಎನ್ನುತ್ತಾರೆ. ಹೊಲಿಗೆ ಅಂಚಿನಿಂದ ಆರಂಭವಾಗಿ ನಡುವಿನತ್ತ ಸಾಗುತ್ತದೆ. ಮುಸ್ಲಿಂ ಮನೆಯ ಕೌದಿಯಲ್ಲಿ ಚಂದ್ರಕೋರೆ ಕಾಣಬಹುದು, ಕ್ರೈಸ್ತರದರಲ್ಲಿ ಶಿಲುಬೆ. ಆದರೆ ಮೂಲೆಗಳಲ್ಲಿ ಬಟ್ಟೆ ಮಡಿಸಿ ಹೊಲಿದ 'ಫೂಲ', ಅಂದರೆ ಹೂವು, ಎಲ್ಲರಿಗೂ ಸಮಾನ. ಅದಿಲ್ಲದ ಕೌದಿ ಬೆತ್ತಲೆ ಎಂಬುದು ಅವರ ಭಾವನೆ.

ಚಿಹ್ನೆಗಳ ಹೆಸರಿನಲ್ಲಿ ಜಗಳ ಹಚ್ಚುವವರು ಇದನ್ನು ಗಮನಿಸಬೇಕು. ತನ್ನ ವಿಶ್ವಾಸದ ಗುರುತನ್ನು ಮರೆಮಾಚದೆಯೇ ನೆರೆಯವರೊಂದಿಗೆ ಒಂದೇ ಹೂವನ್ನು ಹಂಚಿಕೊಳ್ಳಲು ಸಾಧ್ಯವೆಂದು ಈ ತಾಯಂದಿರು ಸೂಜಿ ದಾರದಲ್ಲಿ ತೋರಿಸಿಕೊಟ್ಟಿದ್ದಾರೆ.

ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕೌದಿಗಳನ್ನು ಅಧ್ಯಯನ ಮಾಡಿದರು. 2011ರಲ್ಲಿ ನ್ಯೂಯಾರ್ಕ್‌ನ ಷಾಂಬರ್ಗ್ ಕೇಂದ್ರದಲ್ಲಿ ಅವು ಪ್ರದರ್ಶನಗೊಂಡವು. ಅದಕ್ಕೂ ಮೊದಲೇ, 2003ರಲ್ಲಿ, ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನಮಾನ ದೊರೆತಿತ್ತು. ಸರಕಾರ ಗುರುತಿಸಿತು, ದೂರದ ದೇಶವೂ ಗುರುತಿಸಿತು. ಪ್ರಶ್ನೆಯೇನೆಂದರೆ, ಪಕ್ಕದ ಪೇಟೆಯಲ್ಲಿರುವ ನಾವು ಗುರುತಿಸಿದ್ದೇವೆಯೇ?

ಹಝ್ರತ್ ಬಿಲಾಲ್‌ರ ಹೆಸರನ್ನು ನಾವು ಅಭಿಮಾನದಿಂದ ಹೇಳುತ್ತೇವೆ. ಮಸೀದಿಯ ಸಾಲಿನಲ್ಲಿ ಸಿದ್ದಿ ಸಹೋದರನ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತೇವೆ. ಆದರೆ ಮದುವೆಯ ಮಾತು ಬಂದಾಗ ಮೈಬಣ್ಣ, ಮನೆತನ ಅಡ್ಡಬಂದರೆ ಆ ಸಾಲಿಗೆ ಏನು ಅರ್ಥ?

ಆದ್ದರಿಂದ ನಮ್ಮ ವಿನಂತಿ ಇಷ್ಟೇ. ಕೌದಿ ಕೊಳ್ಳುವಾಗ ಚೌಕಾಸಿ ಮಾಡದೆ ಅದರ ಬೆಲೆ ಕೊಡಿ, ಹೊಲಿದವಳ ಹೆಸರು ಕೇಳಿ ತಿಳಿಯಿರಿ. ನಿಮ್ಮ ಮನೆಯ ಮದುವೆಗೆ ಅವಳ ಕುಟುಂಬವನ್ನು ಕರೆಯಿರಿ. ಅವರ ಮನೆಯಿಂದ ಸಂಬಂಧ ಬಂದರೆ ಮೈಬಣ್ಣ ನೋಡಿ ಹಿಂದೆ ಸರಿಯದಿರಿ.