ಮೂವತ್ತೈದನೆಯ ಗಂಟೆ ಮುಗಿದ ಮೇಲೆ

ಫ್ರಾನ್ಸಿನಲ್ಲಿ ವಾರಕ್ಕೆ 35 ಗಂಟೆ ದುಡಿದರೆ ಸಾಕಂತೆ ಎಂಬ ಮಾತು ಬೆಂಗಳೂರಿನ ಆಫೀಸುಗಳಲ್ಲಿ ಊಟದ ಹೊತ್ತಿಗೆ ಆಗಾಗ ಬಂದುಹೋಗುತ್ತದೆ. ಹೇಳುವವರ ದನಿಯಲ್ಲಿ ಅರ್ಧ ಅಸೂಯೆ, ಅರ್ಧ ಗೇಲಿ. ಆದರೆ ಅಲ್ಲಿನ ಪೂರ್ಣಾವಧಿ ನೌಕರರು ವಾಸ್ತವದಲ್ಲಿ ವಾರಕ್ಕೆ ಸರಾಸರಿ 39 ಗಂಟೆಯ ಆಸುಪಾಸಿನಲ್ಲಿ ದುಡಿಯುತ್ತಾರೆ. ಹಾಗೆಂದು ಕಾನೂನೇನೂ ಕಡತದಲ್ಲಿ ಮಲಗಿಲ್ಲ. 35 ಗಂಟೆ ಮುಗಿದ ಕೂಡಲೇ ಕೆಲಸ ನಿಲ್ಲಿಸಿ ಎಂದು ಅದು ಹೇಳುವುದೇ ಇಲ್ಲ. ಅಲ್ಲಿಂದಾಚೆಗೆ ಕಾಲದ ಬೆಲೆ ಏರುತ್ತದೆ, ಅಷ್ಟೆ. 36ನೆಯ ಗಂಟೆಯಿಂದ ಮೊದಲ ಎಂಟು ಗಂಟೆಗಳಿಗೆ ಕೂಲಿ ಶೇ. 25ರಷ್ಟು ಹೆಚ್ಚು, ಅದಕ್ಕೂ ಮೀರಿದರೆ ಶೇ. 50ರಷ್ಟು ಹೆಚ್ಚು. ಕಾರ್ಮಿಕ ಸಂಘದ ಜತೆ ಒಪ್ಪಂದವಾಗಿದ್ದರೆ ಈ ದರ ಶೇ. 10ರವರೆಗೆ ಇಳಿಯಬಹುದು. ಇಲ್ಲವೆ ಹೆಚ್ಚುವರಿ ಗಂಟೆಗಳು ಸಂಬಳಸಹಿತ ರಜೆಯಾಗಿ ಮರಳುತ್ತವೆ. ಆ ರಜೆಗೆ ಫ್ರಾನ್ಸಿನ ಮನೆಮಾತು ‘ಆರ್‌ಟಿಟಿ’.

ಗಂಟೆಗಳು ಇಳಿದವು, ಸರಿ. ಹಾಗೆ ಉಳಿದ ಹೊತ್ತು ಯಾರ ಕೈಗೆ ಬಂತು? ಈ ಉಪನ್ಯಾಸ ಬೆನ್ನುಹತ್ತಿರುವುದು ಆ ಪ್ರಶ್ನೆಯನ್ನು.

ಗಣಿಯಿಂದ ಕಡಲತೀರಕ್ಕೆ

1906ರ ಮಾರ್ಚ್ 10ರಂದು ಉತ್ತರ ಫ್ರಾನ್ಸಿನ ಕೂರಿಯೇರ್ ಕಲ್ಲಿದ್ದಲ ಗಣಿಯಲ್ಲಿ ಸ್ಫೋಟವಾಗಿ 1,099 ಮಂದಿ ಸತ್ತರು. ಕಂಪನಿ ಹುಡುಕಾಟ ಕೈಬಿಟ್ಟ ಮೇಲೂ 13 ಮಂದಿ ಇಪ್ಪತ್ತು ದಿನಗಳ ನಂತರ ಜೀವಂತವಾಗಿ ಮೇಲೆ ಬಂದರು. ದೇಶ ಕುದಿಯಿತು. ಮುಷ್ಕರಗಳು ಹಬ್ಬಿದವು. ಮೇ 1ರಂದು ಎಂಟು ಗಂಟೆಯ ದಿನಕ್ಕಾಗಿ ಕಾರ್ಮಿಕರು ಬೀದಿಗಿಳಿದರು. ಜುಲೈ 13ರಂದು ಸರ್ಕಾರ ಕೊಟ್ಟದ್ದು ವಾರಕ್ಕೊಂದು ದಿನದ ಕಡ್ಡಾಯ ರಜೆಯನ್ನು. ಎಂಟು ಗಂಟೆಯ ದಿನ ಬರಲು 1919ರ ಏಪ್ರಿಲ್‌ವರೆಗೆ, ಅಂದರೆ ಒಂದು ಮಹಾಯುದ್ಧ ಮುಗಿಯುವವರೆಗೆ ಕಾಯಬೇಕಾಯಿತು.

ಅದೇ ವರ್ಷದ ಕೊನೆಗೆ ವಾಷಿಂಗ್ಟನ್ನಿನಲ್ಲಿ ಸೇರಿದ ಅಂತಾರಾಷ್ಟ್ರೀಯ ಕಾರ್ಮಿಕ ಸಮ್ಮೇಳನ ತನ್ನ ಮೊತ್ತಮೊದಲ ಒಡಂಬಡಿಕೆಯಲ್ಲೇ ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ಬ್ರಿಟಿಷ್ ಇಂಡಿಯಾಕ್ಕೆ ಮಾತ್ರ ಬೇರೆ ಕಲಮು ಬರೆದು 60 ಗಂಟೆ ಎಂದಿತು. ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾಯ್ದೆಯಲ್ಲಿದ್ದ ಮಿತಿ 48 ಗಂಟೆ. ಅಷ್ಟು ಹೊತ್ತಿಗೆ ಫ್ರಾನ್ಸ್ 40ಕ್ಕೆ ಇಳಿದು ಹನ್ನೆರಡು ವರ್ಷವಾಗಿತ್ತು.

ಆ 40 ಬಂದದ್ದು 1936ರಲ್ಲಿ. ಮೇ ತಿಂಗಳ ಚುನಾವಣೆಯಲ್ಲಿ ಎಡಪಕ್ಷಗಳ ಪಾಪ್ಯುಲರ್ ಫ್ರಂಟ್ ಗೆದ್ದಿತು. ಲಿಯೋನ್ ಬ್ಲೂಮ್ ಪ್ರಧಾನಿಯಾಗಿ ಅಧಿಕಾರ ವಹಿಸಿಕೊಳ್ಳುವ ಮೊದಲೇ ಲ ಹಾವ್ರ್ ಬಂದರಿನ ಬ್ರೆಗೆ ವಿಮಾನ ಕಾರ್ಖಾನೆಯ ಕೆಲಸಗಾರರು ಯಂತ್ರ ನಿಲ್ಲಿಸಿ ಒಳಗೇ ಕೂತರು. ಜೂನ್ ಹೊತ್ತಿಗೆ ಮುಷ್ಕರದಲ್ಲಿದ್ದವರು ಸುಮಾರು 20 ಲಕ್ಷ. ಮಾಲೀಕರು ಪ್ರಧಾನಿ ನಿವಾಸದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಎರಡೇ ವಾರದಲ್ಲಿ ಸಂಸತ್ತು 40 ಗಂಟೆಯ ವಾರಕ್ಕೂ, ವರ್ಷಕ್ಕೆ ಎರಡು ವಾರದ ಸಂಬಳಸಹಿತ ರಜೆಗೂ ಒಪ್ಪಿಗೆ ಕೊಟ್ಟಿತು. ವಿರಾಮ ಮತ್ತು ಕ್ರೀಡೆಗಳ ಹೊಣೆ ಹೊತ್ತ ಲಿಯೋ ಲಾಗ್ರಾಂಜ್ ರೈಲು ಟಿಕೆಟ್ಟಿಗೆ ಶೇ. 40ರ ರಿಯಾಯಿತಿ ಕೊಡಿಸಿದರು. ಅದುವರೆಗೆ ಶ್ರೀಮಂತರ ಪಾಲಾಗಿದ್ದ ಕಡಲತೀರಗಳಿಗೆ ಸೈಕಲ್ಲು, ಗುಡಾರ, ಮಕ್ಕಳೊಂದಿಗೆ ಕಾರ್ಮಿಕರ ಸಂಸಾರಗಳು ಬಂದಿಳಿದವು.

ಎರಡು ವರ್ಷದಲ್ಲಿ ಗಾಳಿ ತಿರುಗಿತು. 1938ರ ನವೆಂಬರಿನಲ್ಲಿ ದಲಾದಿಯೇ ಸರ್ಕಾರ ಯುದ್ಧದ ಸಿದ್ಧತೆಯ ಹೆಸರಲ್ಲಿ 40 ಗಂಟೆಯ ಕಟ್ಟನ್ನು ಸಡಿಲಿಸಿತು. ಅದನ್ನು ವಿರೋಧಿಸಿ ನಡೆದ ಸಾರ್ವತ್ರಿಕ ಮುಷ್ಕರ ನೆಲಕಚ್ಚಿತು. ಯುದ್ಧಾನಂತರದ ದಶಕಗಳಲ್ಲಿ ಕಾಗದದ ಮೇಲೆ 40 ಇದ್ದರೂ ಕಾರ್ಖಾನೆಯಲ್ಲಿ ನಡೆದದ್ದು 45ಕ್ಕೂ ಹೆಚ್ಚು. ವಾರ ಕುಗ್ಗದಿದ್ದರೂ ರಜೆ ಬೆಳೆಯುತ್ತ ಹೋಯಿತು: 1956ರಲ್ಲಿ ಮೂರನೆಯ ವಾರ, 1969ರಲ್ಲಿ ನಾಲ್ಕನೆಯದು. 1982ರಲ್ಲಿ ಮಿತ್ತರಾಂ ಅಧ್ಯಕ್ಷರಾಗಿದ್ದಾಗ ಐದನೆಯ ವಾರದ ಜತೆಗೆ 39 ಗಂಟೆಯ ವಾರವೂ ಬಂತು.

ಕೆಲಸ ಹಂಚುವ ಲೆಕ್ಕ

1997ರಲ್ಲಿ ನಿರುದ್ಯೋಗ ಶೇ. 12ರ ಆಸುಪಾಸಿನಲ್ಲಿತ್ತು. ಇದ್ದ ಕೆಲಸವನ್ನು ಹೆಚ್ಚು ಜನರಿಗೆ ಹಂಚಬೇಕು ಎಂಬುದು ಪ್ರಧಾನಿ ಲಿಯೋನೆಲ್ ಜೋಸ್ಪ್ಯಾನ್ ಅವರ ವಾದ. ಅಕ್ಟೋಬರಿನಲ್ಲಿ ಅವರು 35 ಗಂಟೆ ಘೋಷಿಸಿದ ಮೂರೇ ದಿನಕ್ಕೆ ಮಾಲೀಕರ ಒಕ್ಕೂಟದ ಅಧ್ಯಕ್ಷ ಜ್ಯಾಂ ಗಾಂದ್ವಾ ರಾಜೀನಾಮೆ ಕೊಟ್ಟರು. ಕಾರ್ಮಿಕ ಸಚಿವೆ ಮಾರ್ತೀನ್ ಓಬ್ರಿ ಅವರ ಹೆಸರಿನ ಎರಡು ಕಾನೂನುಗಳು 1998 ಮತ್ತು 2000ದಲ್ಲಿ ಬಂದವು. ಮೊದಲನೆಯದರಲ್ಲಿ ಒಂದು ಕೊಡುಕೊಳೆ ಇತ್ತು. ಕಂಪನಿ ಶೇ. 10ರಷ್ಟು ದುಡಿಮೆ ಇಳಿಸಿ ಶೇ. 6ರಷ್ಟು ಹೊಸಬರನ್ನು ಸೇರಿಸಿಕೊಂಡರೆ ಸಾಮಾಜಿಕ ಭದ್ರತೆಯ ವಂತಿಗೆಯಲ್ಲಿ ರಿಯಾಯಿತಿ. 20ಕ್ಕಿಂತ ಹೆಚ್ಚು ನೌಕರರಿದ್ದ ಸಂಸ್ಥೆಗಳಿಗೆ 2000ದಿಂದ, ಉಳಿದವಕ್ಕೆ 2002ರಿಂದ 35 ಗಂಟೆ ಜಾರಿಯಾಯಿತು.

ಕೆಲಸ ಹುಟ್ಟಿತೇ? 1998ರಿಂದ 2002ರ ನಡುವೆ ಸುಮಾರು 3.5 ಲಕ್ಷ ಉದ್ಯೋಗಗಳು ಹುಟ್ಟಿದವು ಎಂಬುದು ಅಲ್ಲಿನ ಸರ್ಕಾರಿ ಅಂಕಿಅಂಶ ತಜ್ಞರ ಅಂದಾಜು. ಅದು ಗಂಟೆ ಇಳಿಸಿದ್ದರ ಫಲವೋ ವಂತಿಗೆ ಇಳಿಸಿದ್ದರ ಫಲವೋ ಎಂದು ಅರ್ಥಶಾಸ್ತ್ರಜ್ಞರು ಇಂದಿಗೂ ಜಗಳವಾಡುತ್ತಾರೆ.

ಬಿಡುವು ಯಾರದು?

ಕಾನೂನಿನ ಒಳಗೇ ಮಾಲೀಕರಿಗೆ ಒಂದು ಬಾಗಿಲು ತೆರೆದಿತ್ತು. ಒಪ್ಪಂದವಿದ್ದರೆ ಗಂಟೆಗಳನ್ನು ವಾರದ ಬದಲು ವರ್ಷಕ್ಕೆ ಲೆಕ್ಕ ಹಾಕಬಹುದಿತ್ತು, ಆಗ ಒಟ್ಟು 1,600 ಗಂಟೆ. ಬೇಡಿಕೆ ಹೆಚ್ಚಿದ ವಾರ 42 ಗಂಟೆ, ವ್ಯಾಪಾರ ಮಂಕಾದ ವಾರ 28.

ಎಂಜಿನಿಯರು, ಮ್ಯಾನೇಜರುಗಳಿಗೆ ಗಂಟೆಯ ಲೆಕ್ಕವನ್ನೇ ಬಿಟ್ಟು ದಿನದ ಲೆಕ್ಕ ಬಂತು. ವರ್ಷಕ್ಕೆ ಹೆಚ್ಚೆಂದರೆ 217 ದಿನ, ನಂತರ 218. ದಿನ ಉದ್ದವಾಯಿತು, ನಿಜ. ಆದರೆ ಆರ್‌ಟಿಟಿ ದಿನಗಳನ್ನು ಶುಕ್ರವಾರಕ್ಕೋ ಮಕ್ಕಳ ಶಾಲೆಯ ರಜೆಗೋ ಜೋಡಿಸಿಕೊಳ್ಳುವ ಅನುಕೂಲವೂ ಸಿಕ್ಕಿತು. ಸೂಪರ್‌ಮಾರ್ಕೆಟ್ಟಿನ ಕ್ಯಾಶ್ ಕೌಂಟರಿನಲ್ಲಿ ಕೂರುವವಳಿಗೆ ಹಾಗಾಗಲಿಲ್ಲ. ಅವಳ ಬಿಡುವನ್ನು ಗಿರಾಕಿಗಳ ಏರಿಳಿತ ನೋಡಿ ಅಂಗಡಿಯೇ ಗೊತ್ತುಮಾಡುತ್ತಿತ್ತು. ನಡುಮಧ್ಯಾಹ್ನ ಸಿಕ್ಕ ಎರಡು ಗಂಟೆಯಲ್ಲಿ ಮನೆಗೆ ಹೋಗಿಬರಲೂ ಆಗದು.

35 ಗಂಟೆಗೆ ಇಳಿದವರನ್ನು ಕಾರ್ಮಿಕ ಸಚಿವಾಲಯ ಆ ದಿನಗಳಲ್ಲಿ ಸಮೀಕ್ಷೆ ಮಾಡಿತು. ದಿನನಿತ್ಯದ ಬದುಕು ಸುಧಾರಿಸಿದೆ ಎಂದವರು ಶೇ. 59ರಷ್ಟು, ಹದಗೆಟ್ಟಿದೆ ಎಂದವರು ಶೇ. 13ರಷ್ಟು. ಹೆಚ್ಚು ಸಂತೋಷಪಟ್ಟವರು ಮೇಲಿನ ಹುದ್ದೆಯ ಹೆಂಗಸರು. ಕೌಶಲ ಬೇಡದ ಕೆಲಸಗಳಲ್ಲಿದ್ದ ಹೆಂಗಸರಲ್ಲಿ ಆ ಸಂತೋಷ ಬಹಳ ಕಡಿಮೆ.

ಸರ್ಕಾರಿ ಆಸ್ಪತ್ರೆಗಳ ಕಥೆ ಬೇರೆಯೇ. 2002ರಲ್ಲಿ ಅಲ್ಲಿಗೂ 35 ಗಂಟೆ ಬಂತು. ಆದರೆ ಒಬ್ಬ ನರ್ಸ್ ತಯಾರಾಗಲು ಮೂರು ವರ್ಷ ಬೇಕು. ರೋಗಿಗಳು ಅಲ್ಲಿಯವರೆಗೆ ಕಾಯುವುದಿಲ್ಲ. ಇದ್ದವರೇ ಹೆಚ್ಚು ದುಡಿದರು. ತೆಗೆದುಕೊಳ್ಳಲಾಗದ ರಜೆಗಳು ‘ಕಾಲದ ಉಳಿತಾಯ ಖಾತೆ’ಯಲ್ಲಿ ಜಮೆಯಾಗುತ್ತ, ಆಸ್ಪತ್ರೆಗಳಿಗೆ ತೀರಿಸಲಾಗದ ಸಾಲವಾಗಿ ಬೆಳೆದವು.

ಮುಟ್ಟದ ಅಂಕಿ

ಹೆಚ್ಚು ದುಡಿದು ಹೆಚ್ಚು ಗಳಿಸಿ ಎಂದು ಸಾರಿ 2007ರಲ್ಲಿ ಗೆದ್ದ ನಿಕೊಲಾ ಸರ್ಕೋಜಿ ಹೆಚ್ಚುವರಿ ಗಂಟೆಗಳ ಗಳಿಕೆಗೆ ತೆರಿಗೆ ವಿನಾಯಿತಿ ಕೊಟ್ಟರು, 35ನ್ನು ಅಳಿಸಲಿಲ್ಲ. 2016ರ ಎಲ್ ಖೊಮ್ರಿ ಕಾರ್ಮಿಕ ಕಾನೂನು ಒಪ್ಪಂದಗಳ ಮಟ್ಟಿಗೆ ಕಂಪನಿಗಳಿಗೆ ಹೆಚ್ಚು ಸಡಿಲ ಕೊಟ್ಟಿತಾದರೂ ಅಂಕಿಯನ್ನು ಮುಟ್ಟಲಿಲ್ಲ. ಅದೇ ಕಾನೂನು ಕೆಲಸ ಮುಗಿದ ಮೇಲೆ ಫೋನು, ಇಮೇಲಿಗೆ ಉತ್ತರಿಸದಿರುವ ಹಕ್ಕನ್ನೂ ತಂದಿತು. 2017ರ ಜನವರಿಯಿಂದ 50 ಅಥವಾ ಹೆಚ್ಚು ನೌಕರರಿರುವ ಕಂಪನಿಗಳು ಈ ಬಗ್ಗೆ ಕಾರ್ಮಿಕ ಸಂಘಗಳೊಂದಿಗೆ ಮಾತುಕತೆ ನಡೆಸಲೇಬೇಕು. 2025ರಲ್ಲಿ ಪ್ರಧಾನಿ ಫ್ರಾಂಸ್ವಾ ಬೈರೂ ಎರಡು ಸಾರ್ವಜನಿಕ ರಜೆಗಳನ್ನು ರದ್ದುಮಾಡಲು ಹೊರಟು ದೇಶದ ಸಿಟ್ಟು ಕಟ್ಟಿಕೊಂಡರು. ಅವರ ಸರ್ಕಾರ ವಿಶ್ವಾಸಮತದಲ್ಲಿ ಬಿದ್ದ ಮೇಲೆ ಬಂದ ಸೆಬಾಸ್ಟಿಯಾಂ ಲೆಕೊರ್ನು ಮೊದಲು ಕೈಬಿಟ್ಟ ಯೋಜನೆಗಳಲ್ಲಿ ಅದೂ ಒಂದು.

ನಾಲ್ಕು ದಿನ ಎಂದರೆ

ಪಕ್ಕದ ಬೆಲ್ಜಿಯಂ 2022ರಲ್ಲಿ ನಾಲ್ಕು ದಿನದ ವಾರ ತಂದಾಗ ಗಂಟೆಗಳನ್ನು ಇಳಿಸಲಿಲ್ಲ. ಇದ್ದ ಗಂಟೆಗಳನ್ನೇ ನಾಲ್ಕು ದಿನಕ್ಕೆ ಒತ್ತರಿಸಿತು. ಕರ್ನಾಟಕ 2023ರಲ್ಲಿ ಕಾರ್ಖಾನೆ ಕಾಯ್ದೆಗೆ ಮಾಡಿದ ತಿದ್ದುಪಡಿಯ ಲೆಕ್ಕವೂ ಇದೇ ಜಾತಿಯದು: ವಾರಕ್ಕೆ 48 ಗಂಟೆ ಹಾಗೆಯೇ ಇದ್ದು, ದಿನಕ್ಕೆ 12 ಗಂಟೆಯವರೆಗೆ ದುಡಿಸಬಹುದಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಎನ್.ಆರ್. ನಾರಾಯಣಮೂರ್ತಿ ಅವರು ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ಎದ್ದ ಗದ್ದಲದಲ್ಲಿ ಈ ತಿದ್ದುಪಡಿಯ ಮಾತು ಅಷ್ಟಾಗಿ ಕೇಳಿಬರಲಿಲ್ಲ.

ಫ್ರಾನ್ಸಿನಲ್ಲಿ ವಾರವನ್ನು ಹಿಗ್ಗಿಸಿ ಕುಗ್ಗಿಸುವ ಮಾಲೀಕ ಸಾಮಾನ್ಯವಾಗಿ ಸಂಘದ ಸಹಿ ಪಡೆಯಬೇಕು. ಅಷ್ಟಿದ್ದೂ ಕ್ಯಾಶ್ ಕೌಂಟರಿನವಳಿಗೆ ತನ್ನ ಮಧ್ಯಾಹ್ನ ಸಿಗಲಿಲ್ಲ. ಕರ್ನಾಟಕದ ತಿದ್ದುಪಡಿ ಕೇಳಿದ್ದು ಕಾರ್ಮಿಕನ ಅಥವಾ ಕಾರ್ಮಿಕಳ ವೈಯಕ್ತಿಕ ಲಿಖಿತ ಒಪ್ಪಿಗೆಯನ್ನು. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತ ಹೆಣ್ಣುಮಗಳು, ಬೆನ್ನಿಗೆ ಸಂಘವಿಲ್ಲದೆ, ಸೂಪರ್‌ವೈಸರ್ ತಂದಿಟ್ಟ ಆ ಕಾಗದಕ್ಕೆ ಸಹಿ ಹಾಕುವುದಿಲ್ಲ ಎನ್ನಬಲ್ಲಳೇ ಎಂಬುದನ್ನು ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರುಗಳು ಹಾಜರಿ ಪುಸ್ತಕದ ಜತೆಗೇ ವಿಚಾರಿಸಬೇಕಿತ್ತು.