ಮಣ್ಣು ಮಾಡಿದ ಮೇಲೂ ಉಳಿಯುವ ಋಣ

(ಸಕಲ ಮೃತರ ಸ್ಮರಣೆಯ ದಿನದ ಪ್ರಬೋಧನೆ, ನವೆಂಬರ್ 2)



ಇಂದು ಬಲಿಪೂಜೆ ಮುಗಿದೊಡನೆ ನಾವೆಲ್ಲರೂ ಸಮಾಧಿಭೂಮಿಗೆ ಹೋಗುತ್ತೇವೆ. ಹೂವು ಇಡುತ್ತೇವೆ, ಮೇಣದಬತ್ತಿ ಹಚ್ಚುತ್ತೇವೆ. ಸತ್ತವರನ್ನು ಮಣ್ಣು ಮಾಡುವುದು ಧರ್ಮಸಭೆ ಕಲಿಸುವ ಏಳು ಶಾರೀರಿಕ ದಯಾಕಾರ್ಯಗಳಲ್ಲಿ ಒಂದು. ತೋಬಿತನು ಊಟ ಬಿಟ್ಟೆದ್ದು, ಬೀದಿಯಲ್ಲಿ ಬಿದ್ದಿದ್ದ ಶವವನ್ನು ಹೊತ್ತು ತಂದದ್ದು ನಿಮಗೆ ನೆನಪಿದೆ. ಆದರೆ ಮಣ್ಣು ಮಾಡಿದ ಮರುದಿನ ಆ ಮನೆಯವರ ಗತಿಯೇನು? ಈ ಪ್ರಶ್ನೆಯನ್ನು ಒಂದು ನಿಜ ಘಟನೆಯ ಬೆಳಕಿನಲ್ಲಿ ನೋಡೋಣ.

2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಗೋಪುರಗಳು ಕುಸಿದಾಗ, ಜನರನ್ನು ಉಳಿಸಲು ಹೋದ ಅಗ್ನಿಶಾಮಕ ದಳದ 343 ಮಂದಿ ಪ್ರಾಣ ಕೊಟ್ಟರು. ಅವರಲ್ಲಿ ಒಬ್ಬರು ದಳದ ಆಧ್ಯಾತ್ಮಿಕ ಗುರು, ಫ್ರಾನ್ಸಿಸ್ಕನ್ ಸಭೆಯ ಫಾದರ್ ಮೈಕಲ್ ಜಡ್ಜ್. ಆ ದಿನದ ಮೃತರ ಪಟ್ಟಿಯಲ್ಲಿ ಅವರದೇ ಮೊದಲ ಸಂಖ್ಯೆ. ಅವರ ದೇಹವನ್ನು ಹೊತ್ತು ತಂದು ಸಮೀಪದ ಸಂತ ಪೇತ್ರರ ದೇವಾಲಯದಲ್ಲಿ ಪೀಠದ ಮುಂದೆ ಮಲಗಿಸಿದರು.

ಎಲ್ಲರಿಗೂ ಆ ಭಾಗ್ಯ ಸಿಗಲಿಲ್ಲ. ಅನೇಕರ ದೇಹದ ಚೂರೂ ದೊರೆಯಲಿಲ್ಲ. ಒಬ್ಬ ಯುವಕನ ತಂದೆತಾಯಿ ಎರಡು ವರ್ಷ ಕಾದರು. ಕೊನೆಗೆ 2003ರ ಸೆಪ್ಟೆಂಬರಿನಲ್ಲಿ, ಹಿಂದೊಮ್ಮೆ ಅಸ್ಥಿಮಜ್ಜೆ ದಾನಕ್ಕಾಗಿ ಅವನು ಕೊಟ್ಟಿದ್ದ ರಕ್ತದ ಪುಟ್ಟ ಸೀಸೆಯನ್ನೇ ಪೆಟ್ಟಿಗೆಯಲ್ಲಿಟ್ಟು ಮಣ್ಣು ಮಾಡಿದರು.

ಇಂಥ ಕುಟುಂಬಗಳಿಗೆಂದು ಆ ದೇಶದಲ್ಲಿ 1976ರಿಂದ ಒಂದು ಕಾನೂನಿದೆ. ಕರ್ತವ್ಯದಲ್ಲಿ ಮಡಿದ ಪೊಲೀಸರ, ಅಗ್ನಿಶಾಮಕರ ಮನೆಯವರಿಗೆ ಆಗ 50,000 ಡಾಲರ್ ಗೊತ್ತುಮಾಡಿದರು. 2001ರಲ್ಲಿ ಅದನ್ನು ಎರಡೂವರೆ ಲಕ್ಷಕ್ಕೆ ಏರಿಸಿದರು. ಬೆಲೆಯೇರಿಕೆಯ ಜೊತೆ ಏರುತ್ತಾ ಇಂದು ಅದು ನಾಲ್ಕು ಲಕ್ಷ ದಾಟಿದೆ. ಶವಸಂಸ್ಕಾರ ಕಾಯುವುದಿಲ್ಲವಲ್ಲ, ಅದಕ್ಕೇ ಅಂತಿಮ ತೀರ್ಮಾನಕ್ಕೆ ಮೊದಲೇ, ಕಷ್ಟದಲ್ಲಿರುವವರಿಗೆ 3,000 ಡಾಲರ್‌ವರೆಗೆ ಮುಂಗಡ ಕೊಡಲೂ ಆ ಕಾನೂನು ಅವಕಾಶ ಮಾಡಿತ್ತು.

ಆದರೂ ಕೆಲವರು ಹೊರಗುಳಿದಿದ್ದರು. ಹಣ ಸಲ್ಲುತ್ತಿದ್ದುದು ಸಂಗಾತಿಗೆ, ಮಕ್ಕಳಿಗೆ, ತಂದೆತಾಯಿಗೆ ಮಾತ್ರ. ಇವರಾರೂ ಇಲ್ಲದೆ ಸತ್ತವರ ಪಾಲು ಯಾರಿಗೂ ಇಲ್ಲ! ಫಾದರ್ ಜಡ್ಜ್ ಕೂಡ ಅಂಥವರಲ್ಲೊಬ್ಬರು. 2002ರ ಜೂನ್‌ನಲ್ಲಿ ಅವರದೇ ಹೆಸರಿನ ತಿದ್ದುಪಡಿ ಬಂತು. ದಳದ ಗುರುಗಳನ್ನೂ ಅದು ಸೇರಿಸಿತು. ಹತ್ತಿರದ ಬಂಧುಗಳಿಲ್ಲದವರ ಹಣ, ಅವರು ವಿಮೆಯಲ್ಲಿ ಹೆಸರಿಸಿದವರಿಗೆ ಸಲ್ಲುವಂತೆ ಮಾಡಿತು. ಮರು ವರ್ಷದ ಇನ್ನೊಂದು ಕಾನೂನು, ಶ್ರಮದ ಕೆಲಸ ಮುಗಿಸಿ 24 ಗಂಟೆಯೊಳಗೆ ಹೃದಯಾಘಾತದಿಂದ ಸತ್ತವರ ಮನೆಯನ್ನೂ ನೆನೆಯಿತು.

ಪ್ರಿಯರೇ, ಈ ಹಣ ಪ್ರಾಣದ ಬೆಲೆಯಲ್ಲ. ಪ್ರಾಣಕ್ಕೆ ಬೆಲೆ ಕಟ್ಟಬಲ್ಲವರು ಯಾರು? ಇದು ಋಣದ ಒಪ್ಪಿಗೆ. 'ನಮಗಾಗಿ ಹೋದವನ ಮನೆ ನಮ್ಮ ಹೊಣೆ' ಎಂದು ಒಂದು ಸಮಾಜ ಹೇಳುವ ಮಾತು. ಆದರೆ ಕಾನೂನು ಇದ್ದ ಮಾತ್ರಕ್ಕೆ ಎಲ್ಲವೂ ಆಗುವುದಿಲ್ಲ. ಅಲ್ಲಿಯೂ ಎಷ್ಟೋ ಅರ್ಜಿಗಳು ವರ್ಷಗಟ್ಟಲೆ ಬಾಕಿ ಉಳಿದದ್ದುಂಟು. ಕಣ್ಣೀರಿನ ನಡುವೆ ಕಾಗದ ಪತ್ರ ಹುಡುಕುವುದು ಯಾವ ದೇಶದಲ್ಲೂ ಸುಲಭವಲ್ಲ.

ನಮ್ಮಲ್ಲಿ ಸಾವಾದಾಗ ಇಡೀ ಧರ್ಮಕೇಂದ್ರ ಬರುತ್ತದೆ. ಏಳನೆಯ ದಿನದ ಪೂಜೆಗೆ ಅರ್ಧ ಜನ. ಮರಣ ಪ್ರಮಾಣಪತ್ರಕ್ಕೆ, ವಿಮೆಗೆ, ಪಿಂಚಣಿಗೆ ಆ ವಿಧವೆ ಕಚೇರಿ ಅಲೆಯುವಾಗ ಯಾರಿದ್ದಾರೆ? ಅರಿಮತ್ತಾಯದ ಜೋಸೆಫನು ಯೇಸುವಿಗೆ ಸಮಾಧಿ ಕೊಡುವ ಮೊದಲು, ಧೈರ್ಯಮಾಡಿ ಪಿಲಾತನ ಬಳಿಗೆ ಹೋಗಿ ಅನುಮತಿ ಕೇಳಿದ. ಅದೂ ಕಚೇರಿಯ ಕೆಲಸವೇ, ಅದೂ ದಯಾಕಾರ್ಯವೇ.

ಇಂದು ಸಮಾಧಿಗಳ ಬಳಿ ಪ್ರಾರ್ಥಿಸುವಾಗ, ಈ ವರ್ಷ ಸಾವು ಕಂಡ ಒಂದು ಮನೆಯನ್ನು ನೆನೆಯಿರಿ. ನಾಳೆ ಅಲ್ಲಿಗೆ ಹೋಗಿ, 'ಯಾವ ಕಾಗದ ಬಾಕಿಯಿದೆ?' ಎಂದು ಕೇಳಿರಿ, ಜೊತೆಗೆ ನಡೆಯಿರಿ. ಸತ್ತವರಿಗೆ ಪ್ರಭು ನಿತ್ಯ ವಿಶ್ರಾಂತಿ ದಯಪಾಲಿಸಲಿ. ಉಳಿದವರಿಗೆ ನಮ್ಮ ಕೈ ಆಸರೆಯಾಗಲಿ. ಆಮೆನ್.